ಕಾನೂನು ಓದಬೇಕೇ? ಮೊದಲು ಕಾಸು ಬಿಚ್ಚಿ!

ಮಿಕ್ಸಿ ಹಾಕಿದ ಕೂಡಲೇ ರೇಡಿಯೋ ಗರಗರ ಅನ್ನೋದು ನಿಮಗೆಲ್ಲ ಗೊತ್ತು. ಅಗ್ಗದ ಎಲ್‌ಇಡಿ ಬಲ್ಬುಗಳದ್ದೂ ಅದೇ ಕಥೆ, ಬೆಳಕಿನ ಜೊತೆ ಕರಕರ ಫ್ರೀ. ಒಂದು ಯಂತ್ರ ಇನ್ನೊಂದರ ಕೆಲಸ ಕೆಡಿಸಬಾರದು, ಇನ್ನೊಂದರ ಗಲಾಟೆಗೆ ತಾನೂ ಕೆಡಬಾರದು. ಇದಕ್ಕೆ ಇಎಂಸಿ ಅಂತಾರೆ, ವಿದ್ಯುತ್ಕಾಂತೀಯ ಹೊಂದಾಣಿಕೆ. ಯುರೋಪಿನಲ್ಲಿ ಇದಕ್ಕೆ 1989ರಿಂದಲೇ ಕಾನೂನಿದೆ, ಈಗ ನಡೀತಿರೋದು 2014ರ ನಿರ್ದೇಶನ. ಅದಕ್ಕೆ ಹೊಂದದ ಮಾಲಿಗೆ ಸಿಇ ಗುರುತು ಹಾಕುವಂತಿಲ್ಲ, ಗುರುತಿಲ್ಲದೆ ಮಾರುವಂತಿಲ್ಲ. ಒಳ್ಳೆಯ ಕಾನೂನೇ. ನನ್ನ ಜಗಳ ಅದರ ಮೇಲಲ್ಲ, ಅದರ ಹೂರಣಕ್ಕೆ ಬೀಗ ಹಾಕಿಟ್ಟಿದ್ದಾರಲ್ಲ, ಅದರ ಮೇಲೆ.

ನಿರ್ದೇಶನ ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತೆ, ಓದಿ ನೋಡಿ. ಯಂತ್ರದ ಗಲಾಟೆ ಒಂದು ಮಟ್ಟ ದಾಟಬಾರದು ಅನ್ನುತ್ತೆ. ಸರಿ, ಎಷ್ಟು ಮಟ್ಟ? ಎಷ್ಟು ದೂರದಿಂದ ಅಳೀಬೇಕು? ಹೇಗೆ? ಅದಕ್ಕೆ ಉತ್ತರ ಇರೋದು ಸ್ಟ್ಯಾಂಡರ್ಡುಗಳಲ್ಲಿ. ದೀಪಗಳಿಗೆ ಇಎನ್ 55015, ಕಂಪ್ಯೂಟರು ಟಿವಿಗಳಿಗೆ ಇಎನ್ 55032, ಹೀಗೆ ಉದ್ದದ ಪಟ್ಟಿ. ಅವನ್ನು ಮಾತ್ರ ದುಡ್ಡು ಕೊಟ್ಟೇ ಕೊಳ್ಳಬೇಕು.

ನಾನು ಕೆಲವು ವರ್ಷ ಇಂಥ ಪರೀಕ್ಷೆ ಮಾಡೋ ಲ್ಯಾಬಿನಲ್ಲಿದ್ದೆ. ಪೀಣ್ಯದಲ್ಲಿ ಎಲ್‌ಇಡಿ ದೀಪ ಮಾಡುವ ಒಬ್ಬರು ಜರ್ಮನಿಯ ಆರ್ಡರ್ ಹಿಡಿದುಕೊಂಡು ಬಂದರು. ಹನ್ನೆರಡು ಜನರ ವರ್ಕ್‌ಶಾಪು. ಕೈಯಲ್ಲಿ ಇಎನ್ 55015ರ ಜೆರಾಕ್ಸಿನ ಜೆರಾಕ್ಸು, ಹಳೇ ಆವೃತ್ತಿ. ಅದರ ಪ್ರಕಾರ ಗಾಳಿಯಲ್ಲಿ ಹರಡುವ ಗಲಾಟೆಯನ್ನು 300 ಮೆಗಾಹರ್ಟ್ಸ್ ತನಕ ನೋಡಿದರೆ ಸಾಕು. 2019ರ ಆವೃತ್ತಿ ಅದನ್ನು 1000ಕ್ಕೆ ಏರಿಸಿತ್ತು. ದೀಪ ನಾನೂರರ ಆಸುಪಾಸಿನಲ್ಲಿ ಮಿತಿ ದಾಟಿ ಫೇಲಾಯ್ತು. "ಸಾರ್, ಮುನ್ನೂರರ ತನಕ ನೋಡ್ಕೊಂಡೇ ಬಂದಿದೀನಲ್ಲ!" ಅಂದರು ಪಾಪ. ಲ್ಯಾಬಿನ ಫೀಸು ಹೋಯ್ತು, ಮಾಲು ಹೊರಡೋದು ತಡವಾಯ್ತು. ಹೊಸ ಆವೃತ್ತಿ ನನ್ನ ಮೇಜಿನ ಮೇಲೇ ಇತ್ತು, ಕಾಪಿ ಕೊಡುವ ಹಾಗಿರಲಿಲ್ಲ, ಕಾಪಿರೈಟು. ಬಾಯಲ್ಲಿ ಹೇಳಿದೆ, ಅವರು ಬರಕೊಂಡರು. ಗಾಂಜಾ ಮಾರಿದ ಹಾಗೆ ಆಕಡೆ ಈಕಡೆ ನೋಡಿಕೊಂಡು :)

ತಮಾಷೆ ಏನು ಗೊತ್ತಾ? ಈ ಮಾಲಿಗೆ ಸರ್ಕಾರದವರು ಬಂದು ಸೀಲು ಹಾಕಲ್ಲ. ತಯಾರಕನೇ "ಇಂತಿಂಥ ಸ್ಟ್ಯಾಂಡರ್ಡಿಗೆ ಹೊಂದುತ್ತೆ" ಅಂತ ಘೋಷಣೆ ಬರೆದು ಸಹಿ ಹಾಕಬೇಕು. ಓದದೇ ಇರೋ ಪುಸ್ತಕದ ಮೇಲೆ ಪ್ರಮಾಣ!

ಬರೆದವರಿಗೆ ಸಂಬಳ ಕೊಡಬೇಡವೇ ಅಂತೀರಿ. ಬರೆದವರಿಗೆ ಇದರಿಂದ ನಯಾಪೈಸೆ ಹೋಗಲ್ಲ ಸ್ವಾಮಿ. ಇವುಗಳ ಮೂಲ ಬಹುಪಾಲು ಐಇಸಿಯ ಸಿಸ್ಪರ್ ಸಮಿತಿಯದ್ದು, 1934ರಲ್ಲಿ ರೇಡಿಯೋ ಗಲಾಟೆ ತಡೆಯೋಕೆ ಅಂತಲೇ ಕೂತ ಸಮಿತಿ. ಬರೆಯೋ ತಜ್ಞರ ಸಂಬಳ, ಪ್ರಯಾಣ ಅವರವರ ಕಂಪನಿಗಳದ್ದು. ಸೆನೆಲೆಕ್ ಅದಕ್ಕೆ ಯುರೋಪಿನ ಅಂಗಿ ತೊಡಿಸುತ್ತೆ, ಯುರೋಪಿಯನ್ ಆಯೋಗದಿಂದ ಅದಕ್ಕೆ ಅನುದಾನವೂ ಉಂಟು. ಆಮೇಲೆ ಒಂದೊಂದು ದೇಶದ ಸಂಸ್ಥೆ ತನ್ನ ಮುಖಪುಟ ಅಂಟಿಸಿ ತನಗೆ ತೋಚಿದ ರೇಟಿಗೆ ಮಾರುತ್ತೆ. ಬೆಳೆದವನಿಗೆ ಇಲ್ಲ, ಮಂಡಿಯವನಿಗೆ ಕಮಿಷನ್ನು. ಈ ಕಸುಬಿನವರಿಗೆಲ್ಲ ಗೊತ್ತಿರೋ ಒಂದು ಗುಟ್ಟಿದೆ: ಎಸ್ಟೋನಿಯಾದಲ್ಲಿ ಕೊಳ್ಳಿ, ಅದೇ ಇಂಗ್ಲಿಷ್ ಪಠ್ಯ ಜರ್ಮನಿಗಿಂತ ಎಷ್ಟೋ ಅಗ್ಗ.

"ಸ್ಟ್ಯಾಂಡರ್ಡು ಐಚ್ಛಿಕ, ಕಾನೂನಲ್ಲ" ಅನ್ನೋದು ಇವರ ಹಳೇ ರಾಗ. ಕಾಗದದ ಮೇಲೆ ನಿಜ. ಆದರೆ ಸ್ಟ್ಯಾಂಡರ್ಡಿನ ಹೆಸರು ಯುರೋಪಿನ ರಾಜಪತ್ರದಲ್ಲಿ ಬಂತು ಅಂದರೆ ಅದನ್ನು ಪಾಲಿಸಿದವನು ಕಾನೂನು ಪಾಲಿಸಿದ ಅಂತಲೇ ಲೆಕ್ಕ. ಬೇರೆ ದಾರಿ ಹಿಡಿದವನು ಎಲ್ಲವನ್ನೂ ತಾನೇ ಸಾಬೀತು ಮಾಡಬೇಕು. ಹನ್ನೆರಡು ಜನರ ವರ್ಕ್‌ಶಾಪಿಗೆ ಆಗೋ ಕೆಲಸವಾ ಅದು? ಡಬ್ಲಿನ್ನಿನ ಒಂದು ಕಟ್ಟಡದ ನೆಲ ಕಳಪೆ ಜಲ್ಲಿಯಿಂದ ಉಬ್ಬಿಕೊಂಡ ಪ್ರಕರಣದಲ್ಲಿ, 2016ರಲ್ಲಿ, ಯುರೋಪಿನ ನ್ಯಾಯಾಲಯವೇ ಹೇಳಿತು, ಇಂಥ ಸ್ಟ್ಯಾಂಡರ್ಡು ಯುರೋಪಿನ ಕಾನೂನಿನ ಭಾಗ ಅಂತ. ಕಾರ್ಲ್ ಮಲಮೂದ್ ಅವರ ಪಬ್ಲಿಕ್ ರಿಸೋರ್ಸ್ ಸಂಸ್ಥೆ ಇದೇ ಎಳೆ ಹಿಡಿದು ಜಗ್ಗಿತು. (ನಮ್ಮ ಭಾರತೀಯ ಸ್ಟ್ಯಾಂಡರ್ಡುಗಳನ್ನು ನೆಟ್ಟಿಗೆ ಹಾಕಿ ದೆಹಲಿ ಹೈಕೋರ್ಟಿಗೂ ಹೋದವರು ಇವರೇ. ಬಿಐಎಸ್ ಈಗ ಭಾರತೀಯ ಸ್ಟ್ಯಾಂಡರ್ಡುಗಳನ್ನು ತಾನೇ ಬಿಟ್ಟಿ ಇಳಿಸಿಕೊಳ್ಳೋಕೆ ಕೊಡುತ್ತೆ!) ಆಟಿಕೆಗಳ ಮೂರು ಮತ್ತು ನಿಕ್ಕಲ್ಲಿನ ಒಂದು ಸ್ಟ್ಯಾಂಡರ್ಡ್ ಕೊಡಿ ಅಂತ ಕೇಳಿದ್ದರು. 2021ರಲ್ಲಿ ಸೋತರು, 2024ರ ಮಾರ್ಚ್ 5ರಂದು ಮೇಲಿನ ಕೋರ್ಟಿನಲ್ಲಿ ಗೆದ್ದರು. ಅದೇ ವರ್ಷ ಮುಗಿಯೋದರೊಳಗೆ ಐಎಸ್‌ಒ, ಐಇಸಿ ಎರಡೂ ಸೇರಿ ಆಯೋಗದ ಮೇಲೆ ದಾವೆ ಹೂಡಿದವು. ಇಎಂಸಿಯ ಬಹುಪಾಲು ಐಇಸಿಯದ್ದೇ, ಹಾಗಾಗಿ ಈ ಏಟು ನೇರ ನಮ್ಮ ಕಸುಬಿನ ಮೇಲೇ.

ಬಿಟ್ಟಿ ಕೊಟ್ಟರೆ ಸಂಸ್ಥೆ ಮುಚ್ಚುತ್ತೆ ಅಂತಾರೆ. ಎಟ್ಸಿ ಮುಚ್ಚಿದೆಯಾ? ಅದೂ ಯುರೋಪಿನ ಅಧಿಕೃತ ಸಂಸ್ಥೆಯೇ, ಸದಸ್ಯರ ಚಂದಾದಲ್ಲಿ ನಡೆಯುತ್ತೆ. ವೈಫೈ ಸಾಧನಗಳ ಇಎಂಸಿ ಸ್ಟ್ಯಾಂಡರ್ಡ್ ಇಎನ್ 301 489-17 ಅದರದ್ದೇ, ಈಗಲೇ ಬಿಟ್ಟಿ ಇಳಿಸಿಕೊಳ್ಳಬಹುದು. ಇಳಿಸಿಕೊಂಡು ಓದಿದರೆ ಮಾತ್ರ ಅಳೆಯೋ ವಿಧಾನಕ್ಕೆ ಇಎನ್ 55032 ನೋಡು, ಇಎನ್ 61000-4-2 ನೋಡು ಅಂತ ಕೈ ತೋರಿಸುತ್ತೆ. ವಾಪಸ್ ಅದೇ ಅಂಗಡಿ ಬಾಗಿಲಿಗೆ!

ನಾವೆಲ್ಲ ಇಲ್ಲಿ ಕನ್ನಡದಲ್ಲಿ ಬರೆದು ಒಬ್ಬರದ್ದನ್ನೊಬ್ಬರು ಓದ್ತಾ ಇರೋದು ಯುನಿಕೋಡಿನಿಂದ. ಬರಹ, ನುಡಿಯ ಹಳೇ ಫಾಂಟುಗಳಲ್ಲಿ ಪಟ್ಟ ಪಾಡು ನೆನಪಿದೆ ತಾನೇ? ಯುನಿಕೋಡ್ ಸ್ಟ್ಯಾಂಡರ್ಡು ಅವರ ತಾಣದಲ್ಲಿ ಯಾರು ಬೇಕಾದರೂ ಓದಬಹುದು. ಕಾಲೇಜು ಹುಡುಗನೊಬ್ಬ ರಾತ್ರಿ ಕೂತು ಕನ್ನಡದ ಕೀಲಿಮಣೆ ತಂತ್ರಾಂಶ ಬರೆಯೋಕಾದದ್ದು ಅದಕ್ಕೇ. ಅದಕ್ಕೆ ಕಾನೂನಿನ ಬಲವೂ ಇಲ್ಲ. ಕಾನೂನಿನ ಬಲ ಇರೋದಕ್ಕೇ ಬೀಗ.

ಪೀಣ್ಯದವರು ಕೊನೆಗೆ ಎಸ್ಟೋನಿಯಾದಿಂದ ತರಿಸಿದರು. ಪಿಡಿಎಫ್ಫಿನ ಪ್ರತಿ ಪುಟದ ಮೇಲೂ ಅವರ ಕಂಪನಿ ಹೆಸರು, ಇನ್ನೊಬ್ಬರಿಗೆ ಕೊಡಬಾರದು ಅನ್ನೋ ಎಚ್ಚರಿಕೆ. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸೋಕೆ ಹೋದವರು ಅರ್ಧಕ್ಕೆ ನಿಲ್ಲಿಸಿ ಕೇಳಿದರು, "ಸಾರ್, ಇದನ್ನ ನಿಮಗೆ ತೋರಿಸಿದ್ರೂ ತಪ್ಪಾ?"