ಚೀಲ ಕಾಯುವವರು

ನಂಜನಗೂಡಿನಿಂದ ನಾವು, ತಿರುಮಕೂಡಲು ನರಸೀಪುರದಿಂದ ನನ್ನ ನಾದಿನಿಯ ಸಂಸಾರ, ಎಲ್ಲರೂ ಸೇರಿ ವಿಜಯಪುರಕ್ಕೆ ಹೋಗಿದ್ದೆವು. ಗೋಳಗುಮ್ಮಟದ ಬಾಗಿಲಲ್ಲೇ ನಮ್ಮ ಯಜಮಾನರು ತೀರ್ಪು ಕೊಟ್ಟರು: "ಏಳು ಅಂತಸ್ತು, ಇಕ್ಕಟ್ಟು ಮೆಟ್ಟಿಲು. ಹೆಂಗಸರು ಕೆಳಗೇ ಕೂತಿರಿ, ಚೀಲ ನೋಡ್ಕೊಳ್ಳಿ."

ಎಂದಿನಂತೆ ಕೂತೆವು. ನೀವೇ ಹೇಳಿ, ಪ್ರವಾಸಕ್ಕೆ ಹೋದಲ್ಲೆಲ್ಲ ನಾವು ಹೆಚ್ಚು ಹೊತ್ತು ನೋಡಿರುವುದು ಚೀಲಗಳನ್ನೇ ಅಲ್ಲವೆ?

ಆಗ ನಾದಿನಿ ಕೇಳಿದಳು: "ಅತ್ತಿಗೆ, ಆಷಾಢದಲ್ಲಿ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲಿಗೂ ಬಗ್ಗಿ ಬಗ್ಗಿ ಅರಿಸಿನ ಕುಂಕುಮ ಹಚ್ಚಿದೆವಲ್ಲ, ಆಗ ನಮ್ಮ ಮಂಡಿ ಯಾರಿಗೂ ನೆನಪಾಗಲಿಲ್ಲವೆ?"

ನಾನು ದಂಗಾದೆ. ಹೌದಲ್ಲ! ಮುಡುಕುತೊರೆ ಬೆಟ್ಟ ಹತ್ತುವಾಗಲೂ ಯಾರೂ ತಡೆಯಲಿಲ್ಲ. ಗಂಡನ ಆಯುಷ್ಯಕ್ಕೆ, ಮಕ್ಕಳ ಪರೀಕ್ಷೆಗೆ ಹರಕೆ ಹೊತ್ತು ಹತ್ತಿದರೆ ಅದು ಭಕ್ತಿ. ನಮ್ಮ ಕಣ್ಣಿನ ಸಂತೋಷಕ್ಕೆ ಹತ್ತುತ್ತೇವೆಂದರೆ ಮಾತ್ರ ಮಂಡಿನೋವು. ನಮ್ಮೂರಿನ ಶ್ರೀಕಂಠೇಶ್ವರನ 120 ಅಡಿಯ ಗೋಪುರವನ್ನು ಕಟ್ಟಿಸಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ. ಅಷ್ಟೆತ್ತರ ಕಟ್ಟಿಸಬಲ್ಲ ಹೆಣ್ಣುಕುಲ ಏಳು ಅಂತಸ್ತು ಹತ್ತಲಾರದೆ?

ಒಮ್ಮೆ ಹತ್ತಿ ಇಳಿದು ಬಂದಿದ್ದ ಮಗನ ಕೈಗೆ ಚೀಲಗಳನ್ನು ಕೊಟ್ಟು ಹೊರಟೆವು. ಏದುಸಿರು ಬಂತು, ನಿಜ. ಅಲ್ಲಲ್ಲಿ ನಿಂತೆವು. ಅಂತೂ ಮೇಲೆ ಬಂದರೆ ನಡುವೆ ಒಂದೂ ಕಂಬವಿಲ್ಲದ ಆ ಗುಮ್ಮಟ! ಹೊರಗಿನಿಂದ 144 ಅಡಿ ಅಗಲವಂತೆ. ಒಂದರೊಳಗೊಂದು ಹೆಣೆದ ಕಮಾನುಗಳೇ ಅದನ್ನು ಹೊತ್ತಿವೆ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾನ ಗೋರಿ ಕೆಳಗೆ ಆಟಿಕೆಯಷ್ಟು ಕಾಣುತ್ತಿತ್ತು. ಮಕ್ಕಳ ಕೂಗಾಟ ಒಂದು ಗಳಿಗೆ ನಿಂತಾಗ, ಆಚೆ ತುದಿಯಿಂದ ನಾದಿನಿ ಗೋಡೆಗೆ ಪಿಸುಗುಟ್ಟಿದ್ದು ನನ್ನ ಕಿವಿಯಲ್ಲೇ ಹೇಳಿದಂತೆ ಕೇಳಿಸಿತು: "ಅತ್ತಿಗೆ, ಚೀಲ ಜೋಪಾನ ತಾನೆ?" ನಕ್ಕೆ. ನನ್ನ ನಗುವೂ ಸುತ್ತಿ ಸುತ್ತಿ ಮರಳಿ ಬಂತು.

ಗಂಡಸರನ್ನಷ್ಟೇ ದೂರಿ ಫಲವಿಲ್ಲ. "ನಮಗ್ಯಾಕೆ ಅದೆಲ್ಲ" ಎಂದು ಮೊದಲು ಸೆರಗು ಹಾಸಿ ಕೂರುವವರು ನಾವೇ. ನಿಜವಾಗಿ ಕಾಲು ನೋಯುವವರು, ಬಸುರಿಯರು ಕೂರಲಿ. ಆದರೆ ಕೂರಬೇಕೋ ಹತ್ತಬೇಕೋ ಎಂಬುದನ್ನು ಅವರೇ ಹೇಳಲಿ. ಮಿಕ್ಕವರು ಸರದಿಯ ಮೇಲೆ ಚೀಲ ಕಾಯೋಣ, ಗಂಡಸರೂ ಸೇರಿ. ಟಿಕೆಟಿನ ದುಡ್ಡು ನಮ್ಮ ಪಾಲಿಗೂ ಕೊಟ್ಟಿರುತ್ತೇವೆ, ಅದು ಬರೀ ಕೆಳಗೆ ಕೂರುವುದಕ್ಕಲ್ಲ.