ಊದ್ ಸಸಿ ಕೊಳ್ಳುವ ಮೊದಲು ಲೆಕ್ಕ ಕೇಳಿ

ಅಗರ್‌ವುಡ್ ಸಸಿ ನೆಟ್ಟರೆ ಕೆಲವೇ ವರ್ಷಗಳಲ್ಲಿ ಕೋಟಿ ರೂಪಾಯಿ ಎಂಬ ಜಾಹೀರಾತು ಮೊಬೈಲಿನಲ್ಲಿ ಆಗಾಗ ಬರುತ್ತದೆ. ಪುಣಜನೂರು ಕಡೆ ಜಮೀನು ಇರುವವರ ಮನೆಗಳಲ್ಲೂ ಇದರ ಮಾತು ಕೇಳಿದ್ದೇನೆ. ಕಾಮರ್ಸ್ ವಿದ್ಯಾರ್ಥಿಯಾಗಿ ನನ್ನ ಅಭಿಪ್ರಾಯ ಇಷ್ಟೇ: ಎಣ್ಣೆಯನ್ನು ಪರೀಕ್ಷಿಸಿ ದರ್ಜೆ ಹೇಳುವವರು ಯಾರು ಎಂದು ತಿಳಿಯುವವರೆಗೆ ಯಾರೂ ಸಸಿಗೆ ಹಣ ಕೊಡಬಾರದು.

ನಮ್ಮ ಮನೆಯಲ್ಲಿ ಅಗರಿಗೆ ಊದ್ ಎನ್ನುತ್ತೇವೆ. ಕನ್ನಡದ ಊದುಬತ್ತಿಯ ‘ಊದು’ ಕೂಡ ಅದೇ ಪದ. (ಈಗಿನ ಬಹುಪಾಲು ಬತ್ತಿಗಳಲ್ಲಿ ಊದ್ ಇರುವುದಿಲ್ಲ, ಅದು ಬೇರೆ ಮಾತು.) ಆರೋಗ್ಯವಾಗಿರುವ ಅಗರು ಮರದ ಕಟ್ಟಿಗೆ ಬಿಳಿಚಾಗಿ, ವಾಸನೆಯಿಲ್ಲದೆ ಇರುತ್ತದೆ. ಗಾಯವಾಗಿ ಶಿಲೀಂಧ್ರ ಸೇರಿದಾಗ ಮರ ತನ್ನ ರಕ್ಷಣೆಗೆ ರಾಳ ಉಂಟುಮಾಡುತ್ತದೆ. ಆ ಭಾಗ ಮಾತ್ರ ಕಪ್ಪಾಗಿ ಸುಗಂಧ ಪಡೆಯುತ್ತದೆ. ತೋಟಗಳಲ್ಲಿ ಕಾಂಡಕ್ಕೆ ತೂತು ಕೊರೆದು ಶಿಲೀಂಧ್ರ ಸೇರಿಸುತ್ತಾರೆ. ಆದರೂ ಎಲ್ಲ ಮರಗಳಲ್ಲಿ ರಾಳ ಒಂದೇ ಸಮ ಬರುವುದಿಲ್ಲ. ನೂರು ಮರ ಇದೆ ಎಂದು ನೂರು ಮರದ ಬೆಲೆಯನ್ನು ಬ್ಯಾಲೆನ್ಸ್ ಶೀಟಿನಲ್ಲಿ ಬರೆಯಲಾಗದು.

ಕಪ್ಪು ಕಟ್ಟಿಗೆಯನ್ನು ಪುಡಿ ಮಾಡಿ, ನೀರಿನಲ್ಲಿ ನೆನೆಸಿ, ದಿನಗಟ್ಟಲೆ ಕುದಿಸಿ, ಹಬೆಯನ್ನು ತಣಿಸಿ ಎಣ್ಣೆ ತೆಗೆಯುತ್ತಾರೆ. ಸಿಗುವುದು ತೀರ ಸ್ವಲ್ಪ. ಅದಕ್ಕೆ ವಾಸನೆಯಿಲ್ಲದ ಅಗ್ಗದ ದ್ರವ ಬೆರೆಸಿದರೆ ಮೂಗಿಗೆ ತಿಳಿಯುವುದು ಕಷ್ಟ. ಈದ್‌ಗೆ ಕೊಂಡ ಐವತ್ತು ರೂಪಾಯಿಯ ಸೀಸೆಯ ಮೇಲೂ ‘ಪ್ಯೂರ್ ಊದ್’ ಎಂದೇ ಇರುತ್ತದೆ! ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ ಎಣ್ಣೆಯ ಆವಿಯನ್ನು ಹತ್ತಾರು ಮೀಟರ್ ಉದ್ದದ, ಕೂದಲಿನಂಥ ಸಪೂರ ನಳಿಕೆಯೊಳಗೆ ಹಾಯಿಸುತ್ತಾರೆ. ಒಂದೊಂದು ಅಂಶ ಒಂದೊಂದು ಹೊತ್ತಿಗೆ ಹೊರಬರುತ್ತದೆ. ಅದು ಯಾವುದೆಂದು ಮಾಸ್ ಸ್ಪೆಕ್ಟ್ರೋಮೀಟರ್ ಗುರುತಿಸುತ್ತದೆ. ಶ್ರೀಗಂಧದ ಎಣ್ಣೆಗೆ ಅಂತರರಾಷ್ಟ್ರೀಯ ಅಳತೆಯೇ ಇದೆ: ಆಲ್ಫಾ ಸ್ಯಾಂಟಲಾಲ್ ಶೇ. 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ. 16ರಿಂದ 24.

ಶ್ರೀಗಂಧದ ಇತಿಹಾಸವನ್ನೇ ನೋಡಿ. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಗಂಧದ ಕೊರಡುಗಳು ಹೆಚ್ಚಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಮರ ನಮ್ಮದು, ಲಾಭ ಅವರದು. 1914ರಲ್ಲಿ ಯುದ್ಧ ಬಂದು ಆ ಮಾರಾಟ ನಿಂತಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ತೆಗೆಯುವ ಪ್ರಯೋಗ ಮಾಡಿದರು. 1916ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಸರ್ಕಾರವೇ ಗಂಧದೆಣ್ಣೆ ಕಾರ್ಖಾನೆ ತೆರೆಯಿತು. ಮೊದಲು ಪ್ರಯೋಗಾಲಯ, ಆಮೇಲೆ ಕಾರ್ಖಾನೆ. ಸಸಿ ಮಾರುವವರು ಈ ಎರಡರ ಬಗ್ಗೆಯೂ ಮಾತಾಡುವುದಿಲ್ಲ.

ಹಾಗಾಗಿ ಸಹಿ ಹಾಕುವ ಮೊದಲು ಕೇಳಬೇಕು: ಮರಳಿ ಕೊಳ್ಳುವ ಕರಾರು ಬರಹದಲ್ಲಿ ಇದೆಯೇ? ಬೆಲೆ ಕಟ್ಟಿಗೆಯ ತೂಕಕ್ಕೋ, ಎಣ್ಣೆಯ ದರ್ಜೆಗೋ? ಪರೀಕ್ಷೆಯ ಖರ್ಚು ಯಾರದು? ಅಗರು ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ, ಹೊರದೇಶಕ್ಕೆ ಕಳಿಸಲು ಪರವಾನಗಿ ಬೇಕು. ಅದನ್ನು ಯಾರು ತರುತ್ತಾರೆ?

ನಮ್ಮ ಕಾಲೇಜಿನಲ್ಲಿ ಅಂಥ ದುಬಾರಿ ಯಂತ್ರ ಬೇಕೆಂದು ನಾನು ಕೇಳುತ್ತಿಲ್ಲ. ಆದರೆ ಬಟ್ಟಿ ಇಳಿಸುವ ಗಾಜಿನ ಸಾಮಾನು ಕೆಮಿಸ್ಟ್ರಿ ಲ್ಯಾಬಿನಲ್ಲಿದೆ. ಒಂದು ಕಿಲೋ ನೀಲಗಿರಿ ಎಲೆಯಿಂದ ಎಷ್ಟು ಮಿಲಿ ಎಣ್ಣೆ ಬರುತ್ತದೆ ಎಂದು ಸೈನ್ಸ್‌ನವರು ನೋಡಲಿ, ಒಂದು ಮಿಲಿಗೆ ಖರ್ಚೆಷ್ಟು ಬಿತ್ತು ಎಂದು ನಾವು ಲೆಕ್ಕ ಹಾಕುತ್ತೇವೆ. ಪ್ರಿನ್ಸಿಪಾಲರು ಒಂದು ಶನಿವಾರ ಮಧ್ಯಾಹ್ನ ಕೊಟ್ಟರೆ ಸಾಕು.