ಚಲನೆಯ ಪಾಠಕ್ಕೆ ತೆರೆದಿಟ್ಟ ಶಟರ್

ಒಂಬತ್ತನೇ ತರಗತಿಯ ‘ಚಲನೆ’ ಅಧ್ಯಾಯಕ್ಕೆ ಪಾಠ ಯೋಜನೆ ಬರೆಯುವಾಗ ಬೋಧನೋಪಕರಣದ ಕಾಲಂನಲ್ಲಿ ನಮ್ಮಲ್ಲಿ ಹೆಚ್ಚಿನವರು ಬರೆಯುವುದು ‘ಚಾರ್ಟ್’ ಎಂದೇ. ಚಾರ್ಟ್‌ನಲ್ಲಿರುವ ಕಾರು ಓಡುವುದಿಲ್ಲ. ಮಕ್ಕಳು ಜವದ ಸೂತ್ರವನ್ನು ಬಾಯಿಪಾಠ ಹೇಳುತ್ತಾರೆ, ನಾವು ‘ಉದ್ದೇಶ ಈಡೇರಿತು’ ಎಂದು ಬರೆಯುತ್ತೇವೆ. ಇದರ ಬದಲು ದೀರ್ಘ ಎಕ್ಸ್‌ಪೋಶರ್ ಛಾಯಾಚಿತ್ರವನ್ನು ಮಕ್ಕಳಿಂದಲೇ ತೆಗೆಸಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಚಿತ್ರ ಚೆನ್ನಾಗಿ ಬಂದ ಮಾತ್ರಕ್ಕೆ ಪಾಠ ಆದಂತಲ್ಲ.

ಕ್ಯಾಮೆರಾದ ಶಟರ್ ಕೆಲವು ಸೆಕೆಂಡು ತೆರೆದೇ ಇದ್ದರೆ ಆ ಅವಧಿಯ ಬೆಳಕೆಲ್ಲ ಒಂದೇ ಚಿತ್ರದಲ್ಲಿ ಸೇರುತ್ತದೆ. 1838ರಲ್ಲಿ ಡಾಗೇರ್ ತೆಗೆದ ಪ್ಯಾರಿಸ್ ಬೀದಿಯ ಚಿತ್ರದಲ್ಲಿ ಓಡಾಡುತ್ತಿದ್ದ ಗಾಡಿ, ಜನ ಯಾರೂ ಮೂಡಲಿಲ್ಲ. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತಿದ್ದವನ ಆಕೃತಿ ಮಾತ್ರ ಉಳಿಯಿತು. ಚಲಿಸುವ ವಸ್ತುವಿಗೇ ಒಂದು ದೀಪ ಕಟ್ಟಿದರೆ ಅದು ಮಾಯವಾಗುವ ಬದಲು ತನ್ನ ಪಥವನ್ನು ಗೆರೆಯಾಗಿ ಬಿಡುತ್ತದೆ.

ತರಗತಿಗೆ ಬೇಕಾದ ಸಾಮಗ್ರಿ ಅಲ್ಪ. 14 ಸೆಂ.ಮೀ. ವ್ಯಾಸದ ದುಂಡು ಡಬ್ಬಿಯೊಂದರ ಮುಚ್ಚಳದ ಅಂಚಿಗೆ ಬಟನ್ ಸೆಲ್ ಸಮೇತ ಒಂದು ಎಲ್ಇಡಿ ಅಂಟಿಸಿ. ಮೇಜಿಗೆ ನೇರ ಎದುರಾಗಿ, ಪುಸ್ತಕಗಳ ಆಸರೆಯಲ್ಲಿ ಶಿಕ್ಷಕರ ಫೋನ್ ನಿಲ್ಲಿಸಿ. ಮೇಜಿನ ಮೇಲೆ ಸ್ಕೇಲ್ ಇಟ್ಟು ಒಂದು ಸಾಮಾನ್ಯ ಚಿತ್ರ ತೆಗೆದುಕೊಳ್ಳಿ. ನಂತರ ಫೋನ್ ಕದಲಿಸದೆ ಕಿಟಕಿ ಮುಚ್ಚಿ, ಪ್ರೊ ಮೋಡ್‌ನಲ್ಲಿ ಐಎಸ್ಒ ಕನಿಷ್ಠಕ್ಕೆ ಇಳಿಸಿ, ಶಟರ್ 2 ಅಥವಾ 4 ಸೆಕೆಂಡಿಗೆ ಇಟ್ಟು, ಟೈಮರ್ ಹಾಕಿ, ಡಬ್ಬಿಯನ್ನು ಉರುಳಿಸಿ.

ಉರುಳಿಸುವ ಮೊದಲು, ದೀಪದ ದಾರಿ ಹೇಗಿರುತ್ತದೆ ಎಂದು ಪ್ರತಿ ಮಗುವೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ವೃತ್ತ ಬರೆಯುವವರು ಖಂಡಿತ ಇರುತ್ತಾರೆ. ಚಿತ್ರದಲ್ಲಿ ಮೂಡುವುದು ಸಾಲು ಕಮಾನುಗಳು. ಎರಡು ತಗ್ಗುಗಳ ನಡುವಿನ ದೂರವನ್ನು ಸ್ಕೇಲಿನ ಚಿತ್ರದೊಂದಿಗೆ ಹೋಲಿಸಿ ಅಳೆದರೆ ಸುಮಾರು 44 ಸೆಂ.ಮೀ. ಬರಬೇಕು, ಅಂದರೆ ಡಬ್ಬಿಯ ಸುತ್ತಳತೆ. ತಗ್ಗಿನಲ್ಲಿ ಗೆರೆ ಹೆಚ್ಚು ಬೆಳಗಿರುವುದೂ ಕಾಣುತ್ತದೆ: ನೆಲದ ಹತ್ತಿರ ಬಂದಾಗ ದೀಪ ನಿಧಾನವಾಗುತ್ತದೆ, ಹೆಚ್ಚು ಹೊತ್ತು ಅಲ್ಲೇ ಇರುತ್ತದೆ.

ಇಷ್ಟಕ್ಕೆ ಪಾಠ ನಿಲ್ಲಬಾರದು. “ಡಬ್ಬಿ ಎಡದಿಂದ ಬಲಕ್ಕೆ ಉರುಳಿತೋ, ಬಲದಿಂದ ಎಡಕ್ಕೋ?” ಎಂದು ಕೇಳಿ. ಚಿತ್ರ ಉತ್ತರ ಕೊಡುವುದಿಲ್ಲ. ಪಥ ಗೊತ್ತಾದರೂ ದಿಕ್ಕು ಗೊತ್ತಾಗದು. ದಿಕ್ಕಿಲ್ಲದೆ ವೇಗ ಪೂರ್ಣವಲ್ಲ. ಜವ ಮತ್ತು ವೇಗದ ವ್ಯತ್ಯಾಸ ವ್ಯಾಖ್ಯಾನದಿಂದ ಹೊರಬಂದು ಮಗುವಿಗೆ ಅಗತ್ಯವಾಗುವ ಕ್ಷಣ ಇದೇ. ಕಾರ್ಮಿಕರ ಬೆರಳಿಗೆ ಪುಟ್ಟ ದೀಪ ಕಟ್ಟಿ ಕೈಚಲನೆಯನ್ನು ಅಧ್ಯಯನ ಮಾಡಿದ ಅಮೆರಿಕದ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿಗೂ ಇದೇ ತೊಡಕು ಎದುರಾಗಿತ್ತು. ದೀಪವನ್ನು ನಿಗದಿತ ಅಂತರದಲ್ಲಿ ಮಿನುಗಿಸಿ, ಗೆರೆಯನ್ನು ಒಂದು ಕಡೆ ಮೊನಚಾದ ತುಂಡುಗಳನ್ನಾಗಿಸಿ, ಅವರು ಕಾಲವನ್ನೂ ದಿಕ್ಕನ್ನೂ ಓದಿದರು. ಈ ಉಪಾಯ ಹೇಳುವ ಮುನ್ನ ಮಕ್ಕಳಿಗೆ ಐದು ನಿಮಿಷ ಯೋಚಿಸಲು ಬಿಡಬೇಕು.

ಆಕ್ಷೇಪಗಳು ಇವೆ. ಶಾಲೆಯಲ್ಲಿ ಮಕ್ಕಳು ಫೋನ್ ತರುವಂತಿಲ್ಲ; ಮುಖ್ಯಶಿಕ್ಷಕರ ಅನುಮತಿ ಪಡೆದ ಒಂದೇ ಫೋನ್ ಸಾಕು. ಅವಧಿ ಸಾಲದು ಎಂಬುದು ನಿಜ. ಚಿತ್ರ ಒಂದು ದಿನ, ಅಳತೆ ಮರುದಿನ ಇಟ್ಟುಕೊಳ್ಳಬಹುದು. ನನಗೆ ಹೆಚ್ಚು ಆತಂಕ ಇರುವುದು ಬೇರೆ ಕಡೆ. ಕತ್ತಲಲ್ಲಿ ಟಾರ್ಚ್ ಬೀಸಿ ಹೆಸರು ಬರೆದರೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ವೀಕ್ಷಕರೂ ಮೆಚ್ಚಬಹುದು. ಅಲ್ಲಿ ಊಹೆಯೂ ಇಲ್ಲ, ಅಳತೆಯೂ ಇಲ್ಲ.

ಆದ್ದರಿಂದ ಪಾಠ ವೀಕ್ಷಿಸುವ ಉಪನ್ಯಾಸಕರಲ್ಲಿ ಒಂದು ವಿನಂತಿ. ಅಂಕ ಕೊಡುವಾಗ ಚಿತ್ರದ ಅಂದವನ್ನು ಬದಿಗಿಡಿ. ಮಕ್ಕಳ ನೋಟ್‌ಬುಕ್ ತೆರೆದು, ಚಿತ್ರಕ್ಕೆ ಮುಂಚೆ ಬರೆದ ಊಹೆ ಮತ್ತು ನಂತರ ಅದನ್ನು ತಿದ್ದಿಕೊಂಡ ಕಾರಣ ಎರಡೂ ಅಲ್ಲಿವೆಯೇ ನೋಡಿ. ಅವು ಇಲ್ಲದಿದ್ದರೆ ನಾವು ಚಾರ್ಟ್‌ನ ಜಾಗದಲ್ಲಿ ಫೋನ್ ಇಟ್ಟಂತಾಯಿತು, ಅಷ್ಟೇ.